ಗ್ಯಾರೇಜಿನ ಮನೆ ಅಳಿಯ

ನಮ್ಮ ಗ್ಯಾರೇಜಲ್ಲಿ ಒಂಬತ್ತು ವರ್ಷದಿಂದ ಒಬ್ಬ ಮನೆ ಅಳಿಯ ಇದ್ದ. ಕೆಲಸ ಇಲ್ಲ ಕಾರ್ಯ ಇಲ್ಲ, ಮಳೆ ಅಂದ್ರೆ ಹೊರಗೆ ಬರಲ್ಲ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ಲ ಅದು ಮೈಗೆ ಆಗಲ್ಲ, ಆದ್ರೆ ಹೊದಿಕೆ, ಎಣ್ಣೆ, ಇನ್ಶೂರೆನ್ಸು ಎಲ್ಲಾ ಟೈಮಿಗೆ ಸರಿಯಾಗಿ ಆಗ್ಬೇಕು. 2021ರಲ್ಲಿ ಇಂಗ್ಲೆಂಡಿನ ಮಾಮೂಲಿ ಪೆಟ್ರೋಲಿಗೆ ಎಥನಾಲ್ ಜಾಸ್ತಿ ಬೆರೆಸಿದ ಮೇಲೆ ಅದೂ ಜೀರ್ಣ ಆಗಲ್ಲ ಅಂತ ದುಬಾರಿ ಪೆಟ್ರೋಲೇ ಬೇಕು. ಗ್ಯಾಲನ್ನಿಗೆ 18 ಮೈಲಿ ಬಂದ್ರೆ ನಮ್ಮ ಪುಣ್ಯ. ಹೆಸರು ರೋವರ್ ಪಿ5ಬಿ, 1972ರದ್ದು. ಮನೆ ಅಳಿಯ ಅಂತ ನಾಮಕರಣ ಮಾಡಿದ್ದು ನನ್ನ ಹೆಂಡತಿ, ಮತ್ತೆ ಅವಳೇ ಒಂದಿನ ಕಾಫಿ ಲೋಟ ಕೈಗೆ ಕೊಡ್ತಾ "ರೀ, ಈ ಬೇಸಿಗೆ ಒಳಗೆ ಇವನನ್ನ ಸಾಗಹಾಕಿ, ನನಗೆ ಫ್ರೀಜರ್ ಇಡೋಕೆ ಜಾಗ ಬೇಕು" ಅಂದ್ಬಿಟ್ಲು.

ಸರಿ, ಜಾಹೀರಾತು ಬರೆಯೋಕೆ ಕೂತೆ. ನಾವಿರೋದು ಸಾಲಿಹಲ್‌ನಲ್ಲಿ, ಬರ್ಮಿಂಗ್‌ಹ್ಯಾಮ್ ಪಕ್ಕ. ಈ ಕಾರು ಹುಟ್ಟಿದ್ದೂ ಇದೇ ಊರಲ್ಲಿ, ಅಂದ್ರೆ ಐವತ್ತು ವರ್ಷ ಆದ್ರೂ ತವರು ಬಿಟ್ಟು ಹೋಗಿಲ್ಲ. ಅದನ್ನೂ ಬರೆದೆ. ಪ್ರಧಾನಿ ಹೆರಾಲ್ಡ್ ವಿಲ್ಸನ್ ಇದರಲ್ಲೇ ಓಡಾಡಿದ್ದು, ಅವರ ಪೈಪಿಗೆ ಅಂತಾನೇ ಕಾರಲ್ಲಿ ಆಷ್‌ಟ್ರೇ ಹಾಕಿಸಿದ್ದು, 1979ರಲ್ಲಿ ಥ್ಯಾಚರ್ ಮೊದಲ ಸಲ ಪ್ರಧಾನಿಯಾಗಿ ಡೌನಿಂಗ್ ಸ್ಟ್ರೀಟಿಗೆ ಬಂದು ಇಳಿದಿದ್ದೂ ಇಂಥದ್ರಿಂದಲೇ, 1973ಕ್ಕೇ ತಯಾರಿ ನಿಂತಿದ್ರೂ ಸರ್ಕಾರದವ್ರು ಕೊನೇ ಒಂದಷ್ಟು ಕಾರು ಎತ್ತಿಟ್ಕೊಂಡು ವರ್ಷಗಟ್ಟಲೆ ಓಡಿಸಿದ್ದು, ರಾಣಿ ಎಲಿಜಬೆತ್‌ಗೂ ಒಂದಿದ್ದು, ಎಲ್ಲಾ ಬರೆದೆ. ಇಂಜಿನ್ ಮಾತ್ರ, ಮೂರೂವರೆ ಲೀಟರಿನ ವಿ8, ಮೂಲತಃ ಅಮೆರಿಕದ ಬ್ಯೂಕ್ ಕಂಪನಿ ಡಿಸೈನು, ಹೆಸರಿನ ಕೊನೇ 'ಬಿ' ಅದೇ, ಅದನ್ನ ಬರೀಲಿಲ್ಲ. ಹಿಂದಿನಿಂದ ಓದ್ತಿದ್ದ ಹೆಂಡತಿ "ಕಾರು ಮಾರ್ತಿದೀರೋ, ಹೆಣ್ಣಿಗೆ ಜಾತಕ ಬರೀತಿದೀರೋ?" ಅಂದ್ಲು. ಬೆಲೆ 14,000 ಪೌಂಡು ಅಂತ ಹಾಕ್ದೆ.

ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಹಾಕಿದ್ದು ಮೈಲೇಜು. ಬರೀ 38,412 ಮೈಲಿ! ಇದು ನನ್ನ ಬ್ರಹ್ಮಾಸ್ತ್ರ ಅಂದ್ಕೊಂಡಿದ್ದೆ, ನನಗೇ ತಿರುಗ್ತು. ಈ ಕಾಲದ ಮೀಟರಲ್ಲಿ ಮೈಲಿಗೆ ಇರೋದು ಐದೇ ಅಂಕಿ, ಲಕ್ಷ ದಾಟಿದ್ರೆ ಮತ್ತೆ ಸೊನ್ನೆಯಿಂದ ಶುರು. ಫೋನ್ ಮಾಡಿದವ್ರೆಲ್ಲಾ ಹಲೋ ಅಂದ ತಕ್ಷಣ ಕೇಳೋದು ಒಂದೇ, "ಮೂವತ್ತೆಂಟೋ, ನೂರಾ ಮೂವತ್ತೆಂಟೋ?" ನನ್ನ ಹತ್ರ ಹಳೇ ಓನರ್ ಅಜ್ಜ ಕೊಟ್ಟ ಬಿಸ್ಕತ್ ಡಬ್ಬಿ ತುಂಬಾ ವರ್ಷವರ್ಷದ ಎಂಒಟಿ, ಅಂದ್ರೆ ಇಲ್ಲಿನ ಗಾಡಿ ಫಿಟ್‌ನೆಸ್ ಪರೀಕ್ಷೆಯ ಸರ್ಟಿಫಿಕೇಟುಗಳಿದ್ವು, ಪ್ರತಿಯೊಂದರಲ್ಲೂ ಮೈಲಿ ಬರೆದಿರ್ತಾರೆ. ಅದ್ರಲ್ಲಿ 1981ರಿಂದ 86ರವರೆಗಿನದ್ದು ಮಾತ್ರ ಇಲ್ಲ. ಒಬ್ಬ ಮಹಾಶಯ ಫೋನಲ್ಲೇ "ಆ ಐದು ವರ್ಷದಲ್ಲಿ ಒಂದು ಲಕ್ಷ ಓಡಿರಬಹುದಲ್ಲ" ಅಂದ. ಅಂದ್ರೆ ಭಾನುವಾರ ಚರ್ಚಿಗೆ, ಬುಧವಾರ ಗಾಲ್ಫಿಗೆ ಹೋಗ್ತಿದ್ದ ಅಜ್ಜ ಆ ಐದು ವರ್ಷ ಮಾತ್ರ ಹೆಂಡತಿಗೆ ಹೇಳದೆ ನಾಲ್ಕು ಸಲ ಭೂಪ್ರದಕ್ಷಿಣೆ ಮಾಡಿ ಬಂದು ಮತ್ತೆ ಗಾಲ್ಫಿಗೆ ಹೋದ್ರು ಅಂತಾಯ್ತು.

ಓಡದೇ ಇರೋ ಕಾರಿನ ಕಥೆ ಹೀಗೇ ನೋಡಿ, ಸವೆದಿಲ್ಲ ಅಂತ ಹೆಮ್ಮೆ ಪಡೋ ಹಾಗಿಲ್ಲ. ಟೈರಲ್ಲಿ ಬಟನ್ ಹೊಸದರ ಹಾಗೇ ಇದೆ ಅಂತ ನಾನು ತೋರಿಸ್ತಿದ್ರೆ, ಬಂದವ್ನು ಬಗ್ಗಿ ಟೈರಿನ ಪಕ್ಕೆಯಲ್ಲಿರೋ ನಾಲ್ಕಂಕಿ ಓದಿ "1409, ಅಂದ್ರೆ 2009ರ ಹದಿನಾಲ್ಕನೇ ವಾರದ್ದು" ಅಂತಾನೆ. ಹುಡುಗನ ಬದಲು ಸೀದಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಲ್ಲಿರೋ ಹುಟ್ಟಿದ ತಾರೀಖು ನೋಡೋ ಮಾವನ ಥರ.

ಖುದ್ದು ನೋಡೋಕೆ ಬಂದವ್ರಲ್ಲಿ ಮೊದಲ್ನೇವ್ರು ಗಂಡ ಹೆಂಡತಿ, ಕಾರನ್ನ ಮದುವೆಗಳಿಗೆ ಬಾಡಿಗೆಗೆ ಬಿಡೋರು. ಹಿಂದಿನ ರಾತ್ರಿ ಒಳಗಿನ ಲೈಟಲ್ಲಿ ಮರದ ಡ್ಯಾಶ್‌ಬೋರ್ಡು, ಲೆದರ್ ಸೀಟು ಎಷ್ಟು ಚೆನ್ನಾಗಿ ಕಾಣ್ತವೆ ಅಂತ ಬಾಗಿಲು ತೆಗೆದಿಟ್ಟು ನಲವತ್ತು ಫೋಟೋ ತೆಗೆದಿದ್ದೆ, ಬಾಗಿಲು ಸರಿಯಾಗಿ ಹಾಕಿರ್ಲಿಲ್ಲ, ಬ್ಯಾಟರಿ ಖಾಲಿ. ಪಕ್ಕದ ಮನೆಯವ್ರನ್ನ ಕರೆದು ವೈರ್ ಹಾಕಿ ಸ್ಟಾರ್ಟ್ ಮಾಡಿದ್ರೆ ಇಂಜಿನ್ ಏನೋ ಬಂತು, ಕಾರು ಮುಂದಕ್ಕೆ ಬರ್ತಿಲ್ಲ, ಹಿಂದಿನ ಬ್ರೇಕು ಹಿಡ್ಕೊಂಡ್ಬಿಟ್ಟಿದೆ. ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ಒತ್ತಿದ್ದಕ್ಕೆ ಠಪ್ ಅಂತ ಬಂದೂಕು ಹೊಡೆದ ಹಾಗೆ ಸದ್ದಾಗಿ ಬ್ರೇಕು ಬಿಡ್ತು. ನಾನು "ಎದ್ದ ಮೇಲೆ ಲಟಿಕೆ ಮುರೀತಾನೆ ಅಷ್ಟೇ" ಅಂತ ನಗೋಕೆ ನೋಡ್ದೆ. ಆ ಹೆಂಗಸು ನಗಲಿಲ್ಲ, ಮದುಮಗಳು ಕೂತಿರೋವಾಗ ಹೀಗಾದ್ರೆ ಅಂತ ಕೇಳಿದ್ರು.

ಎರಡನೇವ್ನು ನಿಜವಾದ ಗಿರಾಕಿ. ಬಂದವ್ನೇ ಕಾರಿನ ಕೆಳಗೆ ಮಲಗಿ ಟಕಟಕ ಕುಟ್ಟಿ, ಆಮೇಲೆ ತುಕ್ಕಿಗೆ ಪುಟ್ಟಿ ಮೆತ್ತಿದಾರಾ ಅಂತ ನೋಡೋಕೆ ಆಯಸ್ಕಾಂತ ತರೋದು ಮರ್ತೆ, ನಿಮ್ಮ ಹತ್ರ ಇದೆಯಾ ಅಂದ. ನಾನು ದೊಡ್ಡ ಮನುಷ್ಯನ ಹಾಗೆ ಫ್ರಿಜ್ಜಿನ ಮೇಲಿಂದ ಮೈಸೂರು ಅರಮನೆ ಮ್ಯಾಗ್ನೆಟ್ ಕಿತ್ತು ತಂದ್ಕೊಟ್ಟೆ. ಬಾಗಿಲ ಮೇಲೆ ಅರಮನೆ ನಿಂತ್ತು. ಮುಂದಿನ ಚಕ್ರದ ಮೇಲೂ ನಿಂತ್ತು. ಹಿಂದಿನ ಎಡಚಕ್ರದ ಹತ್ರ ಇಟ್ಟ, ಅರಮನೆ ಮೆಲ್ಲಗೆ ಜಾರಿ ಕೆಳಗೆ ಬಿತ್ತು. "ಅದು ಟೂರಿಸ್ಟ್ ಮ್ಯಾಗ್ನೆಟ್ಟು, ಶಕ್ತಿ ಕಮ್ಮಿ" ಅಂದೆ. ಅವ್ನು ಏನೂ ಮಾತಾಡದೆ ಅದನ್ನ ಎತ್ತಿ ಬಾಗಿಲಿಗೆ ಅಂಟಿಸ್ದ, ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. 2,000 ಅಲ್ಲೇ ಹೋಯ್ತು.

ಆಮೇಲೆ ಒಳಗೆ ಕೂತ. ಮೂಗು ಅರಳಿಸ್ದ. ಏನೋ ವಾಸನೆ ಬರ್ತಿದೆ ಅಂದ. ನನಗೂ ಬರ್ತಿತ್ತು, ಎಲ್ಲೋ ಗೊತ್ತಿರೋ ವಾಸನೆ, ಏನು ಅಂತ ಹೊಳೀತಿಲ್ಲ. ಗೇರ್‌ಬಾಕ್ಸ್ ಎಣ್ಣೆ ಸೀದಿದೆ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ರಿಪೇರಿ ಅಂದ್ರೆ ಸುಮ್ನೆ ಅಲ್ಲ ಅಂತ ಇನ್ನೊಂದು 1,000 ಇಳಿಸ್ದ. ಹನ್ನೊಂದು ಸಾವಿರಕ್ಕೆ ಮುಗೀತು. ಟ್ರೈಲರ್ ಮೇಲೆ ಅಳಿಯ ರಿವರ್ಸಲ್ಲಿ ಹತ್ತಿ, ನಮ್ಮ ಕಡೆ ಮುಖ ಮಾಡ್ಕೊಂಡೇ ಹೋದ. ಮಾರನೇ ದಿನ ಫ್ರೀಜರ್ ಬಂತು.

ಮೂರು ದಿನ ಬಿಟ್ಟು ಅವನಿಂದ ಒಂದು ಫೋಟೋ. ಈ ಕಾರಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಸ್ಪ್ಯಾನರು, ಕಟಿಂಗ್ ಪ್ಲೇಯರು ಇಡೋಕೆ ಎಳೆಯೋ ಟ್ರೇ ಒಂದಿರತ್ತೆ, ಅದ್ರೊಳಗೆ ಸ್ಪ್ಯಾನರುಗಳ ಮಧ್ಯೆ ಪುಟ್ಟ ಹಳದಿ ಡಬ್ಬಿ. ಇದು ಯಾವ ಕೆಮಿಕಲ್ಲು, ರೇಡಿಯೇಟರಿಗೆ ಹಾಕೋದಾ ಅಂತ ಕೇಳಿದ್ದಾನೆ.

ಶಿವಮೊಗ್ಗಕ್ಕೆ ಫೋನ್ ಮಾಡ್ದೆ. ಹೋದ ವರ್ಷ ಅಮ್ಮ ಬಂದಿದ್ದಾಗ ಟಿವಿಡೇಲ್ ಬಾಲಾಜಿ ದೇವಸ್ಥಾನಕ್ಕೆ ಇದೇ ಕಾರಲ್ಲಿ ಕರ್ಕೊಂಡು ಹೋಗಿ ವಾಪಸ್ ಬರ್ತಾ ದಿನಸಿ ತಂದಿದ್ವಿ, ಮನೆಗೆ ಬಂದ್ಮೇಲೆ ಇಂಗು ಕಾಣ್ತಿಲ್ಲ ಅಂತ ಅತ್ತೆ ಸೊಸೆಗೆ ಎರಡು ದಿನ ಮಾತಿರ್ಲಿಲ್ಲ.

"ಅಯ್ಯೋ ಹೌದು ಕಣೋ, ಪ್ರಸಾದಕ್ಕೆ ವಾಸನೆ ಹತ್ತತ್ತೆ ಅಂತ ನಾನೇ ಆ ಡ್ರಾಯರಿಗೆ ಹಾಕಿದ್ದೆ" ಅಂದ್ರು ಅಮ್ಮ. "ಒಳ್ಳೇ ಇಂಗು ಅದು. ಇಸ್ಕೊಂಡು ಬಾ."