ಶಾಲು ಹೊದ್ದವರು ಗ್ರಾಮಸಭೆಗೂ ಬರಬೇಕು

ನಮ್ಮ ಉತ್ತರ ಕನ್ನಡದ ಕವಿಗಳಿಗೆ, ಯಕ್ಷಗಾನದ ಭಾಗವತರಿಗೆ, ವೇಷಧಾರಿಗಳಿಗೆ, ನಾಟಕದ ಗೆಳೆಯರಿಗೆ ಒಂದು ಮಾತು ಹೇಳಬೇಕಿತ್ತು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಕಲೆ ಉಳಿಯಬೇಕು, ಭಾಷೆ ಉಳಿಯಬೇಕು ಅಂತ ನಾವು ಹೇಳುವುದೆಲ್ಲ ನಮ್ಮವರ ಎದುರಿಗೇ. ಕವಿಗೋಷ್ಠಿಯಲ್ಲಿ ಹೇಳುತ್ತೇವೆ, ಅಲ್ಲಿ ಕೂತವರೂ ಕವಿಗಳೇ. ತಾಳಮದ್ದಲೆ ಮುಗಿದ ಮೇಲಿನ ಸಭೆಯಲ್ಲಿ ಹೇಳುತ್ತೇವೆ, ಅಲ್ಲಿರುವವರಿಗೆ ಅದು ಮೊದಲೇ ಗೊತ್ತು. ಆದರೆ ಊರಿನ ದುಡ್ಡು ಯಾವುದಕ್ಕೆ, ಖಾಲಿ ಬಯಲು ಯಾರಿಗೆ, ಶಾಲೆಯ ಮಕ್ಕಳ ಸಂಜೆ ಹೊತ್ತು ಯಾವುದಕ್ಕೆ ಅಂತ ತೀರ್ಮಾನ ಆಗುತ್ತದಲ್ಲ, ಆ ಸಭೆಗಳಲ್ಲಿ ನಮ್ಮ ಪೈಕಿಯವರು ಕಾಣುವುದೇ ಅಪರೂಪ. ಗಟಾರದ ಪರ, ರಸ್ತೆಯ ಪರ, ಬೀದಿ ದೀಪದ ಪರ ಮಾತಾಡುವವರು ಬಂದಿರುತ್ತಾರೆ. ಅವರು ಕೇಳುವುದು ಸರಿಯೇ ಇದೆ, ಅವರಿಗೆ ಸಿಗುತ್ತದೆ. ನಮ್ಮ ಪರ ಕೇಳುವವರಿಲ್ಲ, ನಮಗೆ ಸಿಗುವುದಿಲ್ಲ. ಅದಕ್ಕೆ ಪಂಚಾಯ್ತಿಯವರನ್ನು ಬೈದು ಏನು ಪ್ರಯೋಜನ?

ಹಾಗೆ ನೋಡಿದರೆ ಕವಿಯೊಬ್ಬ ಮುಂದೆ ನಿಂತು ಕೇಳುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ದಿನಕರ ದೇಸಾಯಿಯವರ ಊರು ಇದು. ಅವರ ಚೌಪದಿಗಳನ್ನು ಬಾಯಿಪಾಠ ಹೇಳುವವರು ಅಂಕೋಲೆಯಲ್ಲಿ ಈಗಲೂ ಸಿಗುತ್ತಾರೆ. ನಾಲ್ಕೇ ಸಾಲು. ಬಸ್ಸಿಗೆ ಕಾಯುತ್ತಾ ನಿಂತವನೂ ಓದಿ, ಪಕ್ಕದವನಿಗೆ ಹೇಳಬಹುದು. ಮಂತ್ರಿಗಾಗಲಿ ಸಾಹುಕಾರನಿಗಾಗಲಿ ತಾಗಬೇಕಾದಲ್ಲಿ ತಾಗುತ್ತಿತ್ತು. ಆದರೆ ಅವರು ನಾಲ್ಕು ಸಾಲು ಬರೆದು ಮನೆಯಲ್ಲಿ ಕೂರಲಿಲ್ಲ. ಗೇಣಿದಾರರ ಪರ ರೈತಕೂಟ ಕಟ್ಟಿದರು. ಬ್ರಿಟಿಷ್ ಸರ್ಕಾರ ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿ, ಹೈಸ್ಕೂಲೇ ಇಲ್ಲದ ಊರುಗಳಲ್ಲಿ ಹೈಸ್ಕೂಲು ತೆರೆದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜೂ ಆ ಟ್ರಸ್ಟಿನದೇ. 1967ರಲ್ಲಿ ಲೋಕಸಭೆಗೂ ಹೋದರು.

ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಆ ಶಾಲೆಗಳು. ಓದು ಬಾರದವರೇ ಜಾಸ್ತಿ ಇರುವ ಊರಿನಲ್ಲಿ ಕವಿತೆಗೆ ಓದುಗರು ಎಲ್ಲಿಂದ ಬರಬೇಕು? ದೇಸಾಯಿಯವರು ಕವಿತೆಗೆ ಪ್ರೋತ್ಸಾಹ ಕೊಡಿ ಅಂತ ಅರ್ಜಿ ಹಿಡಿದು ಓಡಾಡಲಿಲ್ಲ. ಓದುವವರನ್ನೇ ತಯಾರು ಮಾಡಿದರು. ಇವತ್ತು ಈ ಕರಾವಳಿಯಲ್ಲಿ ಪುಸ್ತಕ ಕೊಂಡು ಓದುವ ಎಷ್ಟೋ ಜನ ಆ ಶಾಲೆಗಳ ಬೆಂಚಿನಿಂದ ಎದ್ದು ಬಂದವರು. ಸಾಹಿತ್ಯದ ಪರವಾಗಿ ಒಬ್ಬ ಕವಿ ಇದಕ್ಕಿಂತ ಗಟ್ಟಿಯಾದ ಕೆಲಸ ಮಾಡಿದ್ದನ್ನು ನಾನಂತೂ ಕಾಣೆ.

ಹೊನ್ನಾವರದ ಕಡೆ ಹೋದರೆ ಯಕ್ಷಗಾನದ ಕೆರೆಮನೆ ಮನೆತನದವರು. 1934ರಲ್ಲಿ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆಯವರು ಅಷ್ಟು ದೊಡ್ಡ ಕಲಾವಿದರಾಗಿದ್ದೂ, ತಾನು ಕುಣಿದರೆ ಸಾಕು ಅಂದುಕೊಳ್ಳಲಿಲ್ಲ. ಗುಣವಂತೆಯಲ್ಲಿ ಯಕ್ಷಗಾನ ಕಲಿಸುವ ಕೇಂದ್ರ ಮಾಡಿದರು. ಘಟ್ಟದ ಮೇಲೆ ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು ಊರೂರು ಅಲೆದು ಕಲಿಸಿದರು, ಕಣ್ಣು ಕಾಣದ ಹುಡುಗರಿಗೂ ಕಲಿಸಿದರು. ನೋಡಿ ಅನುಕರಿಸುವ ದಾರಿಯೇ ಇಲ್ಲದವರಿಗೆ ಹೆಜ್ಜೆ ಕಲಿಸಬೇಕೆಂದರೆ ಗುರುವಿಗೆ ಎಷ್ಟು ತಾಳ್ಮೆ ಬೇಕು, ಯೋಚನೆ ಮಾಡಿ. ಯಕ್ಷಗಾನ ಯಾರದು ಅನ್ನುವ ಪ್ರಶ್ನೆಗೆ ಅವರು ಭಾಷಣ ಮಾಡದೇ ಕೊಟ್ಟ ಉತ್ತರ ಅದು.

ಇನ್ನು ಸುಕ್ರಜ್ಜಿ. ಬಡಿಗೇರಿಯ ಸುಕ್ರಿ ಬೊಮ್ಮಗೌಡ, 2017ರ ಪದ್ಮಶ್ರೀ. ಶಾಲೆಗೆ ಹೋದವರಲ್ಲ, ಆದರೆ ಅವರ ಸಮುದಾಯವಾದ ಹಾಲಕ್ಕಿಗಳ ಹಾಡಿನ ದೊಡ್ಡ ಭಂಡಾರವೇ ಅವರ ತಲೆಯಲ್ಲಿತ್ತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಗ ಎಲ್ಲರೂ ಅವರ ಹಾಡಿನ ಬಗ್ಗೆ ಬರೆದರು. ಬರೆಯಲೇಬೇಕು. ಆದರೆ ಅವರು ಊರಿನಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಕೂಡಿಸಿಕೊಂಡು ಬೀದಿಗೆ ಇಳಿದದ್ದನ್ನೂ ಅಷ್ಟೇ ದೊಡ್ಡದಾಗಿ ಹೇಳಬೇಕು. ಕುಡಿತ ಅವರ ಸ್ವಂತ ಮನೆಯನ್ನೂ ಬಿಟ್ಟಿರಲಿಲ್ಲ. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತಲೂ ಅವರು ಕೇಳುತ್ತಲೇ ಇದ್ದರು. ಹಾಡಿನಿಂದ ಬಂದ ಗೌರವವನ್ನು ಅವರು ತಮ್ಮ ಜನರಿಗಾಗಿ ಬಳಸಿದರು. ಹಾಡುವ ಜನ ನೆಮ್ಮದಿಯಾಗಿ ಇದ್ದರೆ ತಾನೇ ಹಾಡು ಇರುವುದು? ಇದು ಆ ಅಜ್ಜಿಗೆ ಗೊತ್ತಿತ್ತು. ಅವರಂಥವರ ಹಾಡುಗಳನ್ನು ಕೇಳಿ, ಬರೆದುಕೊಂಡು, ಅಚ್ಚು ಹಾಕಿಸಿದ ಹೊನ್ನಾವರದ ಎನ್.ಆರ್. ನಾಯಕರನ್ನೂ ಇಲ್ಲಿ ನೆನೆಯಬೇಕು. ಅವರು ಅಷ್ಟು ಪಾಡು ಪಡದಿದ್ದರೆ ಎಷ್ಟೋ ಹಾಡು ಹಾಡಿದವರ ಜೊತೆಗೇ ಹೋಗುತ್ತಿತ್ತು.

ಈಗ ನಮ್ಮ ಕಾಲಕ್ಕೆ ಬರುತ್ತೇನೆ.

ಗುಮಟೆ ಗೊತ್ತಲ್ಲ? ಸುಗ್ಗಿ ಬಂತೆಂದರೆ ನಮ್ಮ ಕಡೆ ಗುಮಟೆ ಪಾಂಗ್, ಅಂದರೆ ಗುಮಟೆ ಬಾರಿಸುತ್ತಾ ಹಾಡುವುದು, ಶುರು. ಮಣ್ಣಿನ ಮಡಿಕೆ, ಎರಡೂ ಕಡೆ ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮದ ಮೇಲೆ ಬೀಳುತ್ತಿದ್ದರೆ ಎಡಗೈ ಆ ಸಣ್ಣ ಬಾಯಿಯನ್ನು ಮುಚ್ಚುತ್ತಾ ತೆಗೆಯುತ್ತಾ ಇರುತ್ತದೆ. ಪೂರ್ತಿ ಮುಚ್ಚಿದಾಗ ಒಂದು ದನಿ, ಅರ್ಧ ತೆಗೆದಾಗ ಇನ್ನೊಂದು. ಗಾಳಿಯಲ್ಲಿ ಪಸೆ ಜಾಸ್ತಿ ಇದ್ದರೆ ಚರ್ಮ ಸಡಿಲ ಆಗುತ್ತದೆ, ಆಗ ಬೆಂಕಿಗೆ ಹಿಡಿದು ಕಾಯಿಸಬೇಕು. ಹಿರಿಯರು ಬೆರಳಿನಿಂದ ಒಂದೇ ಸಲ ತಟ್ಟಿ, ಇನ್ನೂ ಆಗಿಲ್ಲ ಅಂತ ವಾಪಸ್ ಬೆಂಕಿಯ ಕಡೆ ತಿರುಗಿಸುವುದನ್ನು ನೋಡುವುದೇ ಒಂದು ಸೊಗಸು.

ಆ ಚರ್ಮ ಮೊದಲಿನಿಂದಲೂ ಉಡದ್ದು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಉಡವನ್ನು ಮುಟ್ಟುವ ಹಾಗಿಲ್ಲ. ಮುಟ್ಟಲೂ ಬಾರದು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಹಾಗಂತ ಗುಮಟೆ ನಿಲ್ಲಬೇಕಾಗಿಲ್ಲ. ಮಾಜಾಳಿ ಗಡಿ ದಾಟಿ ಗೋವೆಗೆ ಹೋಗಿ ನೋಡಿ. ಅಲ್ಲಿ ಇದೇ ವಾದ್ಯಕ್ಕೆ ಘುಮಟ್ ಅನ್ನುತ್ತಾರೆ. ಅಲ್ಲಿನವರು ಆಡಿನ ಚರ್ಮಕ್ಕೆ ಬದಲಾದರು, ಸರ್ಕಾರದ ಬೆನ್ನು ಹತ್ತಿದರು. 2019ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಿಸಿತು. ಅದೇ ಕಡಲು, ಅದೇ ವಾದ್ಯ. ನಮ್ಮ ಕಡೆಯ ಹುಡುಗರು ಮಾತ್ರ ಮುಚ್ಚಿಟ್ಟುಕೊಂಡ ಹಳೆಯ ಗುಮಟೆ ಒಡೆದರೆ ಮುಂದೇನು ಅಂತ ಹೆದರಿಕೊಂಡು ಇರಬೇಕಾ? ಮಡಿಕೆ ಮಾಡುವ ಕುಂಬಾರರನ್ನು, ಬಾರಿಸುವ ಹಾಲಕ್ಕಿಗಳನ್ನು, ನಾಮಧಾರಿಗಳನ್ನು, ಆಡಿನ ಚರ್ಮ ಬಿಗಿಯಲು ಬಲ್ಲವರನ್ನು ಒಂದು ಕಡೆ ಕೂರಿಸಿದರೆ ಕೆಲಸ ಮುಂದೆ ಹೋಗುತ್ತದೆ. ಕೂರಿಸಿ ಅಂತ ಪತ್ರ ಬರೆಯುವವರು ಬೇಕು, ಬರೆದ ಪತ್ರದ ಹಿಂದೆ ಓಡಾಡುವವರು ಬೇಕು.

ಇನ್ನೊಂದು ಸಂಗತಿ. ನನಗೆ ಪರಿಚಯದ ಒಬ್ಬ ಹಿರಿಯ ವೇಷಧಾರಿ ಇದ್ದಾರೆ. ಹೆಸರು ಬೇಡ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಲು ಒಂದು ಕಚೇರಿಗೆ ಅವರ ಜೊತೆ ಹೋಗಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಕರಪತ್ರ, ಮಡಿಸಿ ಮಡಿಸಿ ಹರಿದ ಪೇಪರ್ ಕಟಿಂಗು, ಮೂಲೆ ಹುಳ ತಿಂದ ಫೋಟೋಗಳು. ಅವರು ಆಯುಷ್ಯವಿಡೀ ಮಾಡಿದ್ದು ಸ್ತ್ರೀವೇಷ. ಫೋಟೋದಲ್ಲಿ ಇರುವುದು ನೀವೇ ಅಂತ ಹೇಗೆ ನಂಬುವುದು ಅಂತ ಅಲ್ಲಿಯವರು ಕೇಳಿದರು. ಬಣ್ಣ ಹಚ್ಚಿದ ಮುಖ, ತಲೆ ತುಂಬ ಹೂವು, ಮೈತುಂಬ ಸೀರೆ. ಎದುರಿಗೆ ನಿಂತದ್ದು ಗಡ್ಡ ಬಿಟ್ಟ, ಸೊರಗಿದ ಮುದುಕ. ಅವರ ಕಲೆಯ ಹೆಚ್ಚುಗಾರಿಕೆಯೇ ಅವರ ದಾಖಲೆಗೆ ಅಡ್ಡ ಬಂತು. ಕರಪತ್ರದಲ್ಲಾದರೂ ಹೆಸರು ಇದೆಯಾ ಅಂತ ಹುಡುಕಿದರೆ ಹೆಚ್ಚಿನವುಗಳಲ್ಲಿ ನಾಲ್ಕು ದೊಡ್ಡ ಹೆಸರು, ಆಮೇಲೆ 'ಮುಂತಾದವರು'. ಅವರು ಜೀವಮಾನವೆಲ್ಲ ಆ 'ಮುಂತಾದವರು' ಒಳಗೇ ಇದ್ದರು.

ಅವತ್ತು ನನಗೆ ಸಿಟ್ಟು ಬಂದದ್ದು ಆ ಕಚೇರಿಯ ಮೇಲಿಗಿಂತ ಜಾಸ್ತಿ ನಮ್ಮ ಪದ್ಧತಿಯ ಮೇಲೆ. ಕಾರ್ಯಕ್ರಮ ಮಾಡುವವರು, ಕರಪತ್ರ ಬರೆಯುವವರು ನಾವೇ ಅಲ್ವಾ? ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಕೊಡುವವರು, ಕಿರೀಟ ಕಟ್ಟುವವರು, ಕೋಡಂಗಿ ವೇಷದ ಹುಡುಗನವರೆಗೆ ಎಲ್ಲರ ಹೆಸರನ್ನೂ ಹಾಕಿ. ಒಂದು ಸಾಲು ಜಾಸ್ತಿ ಆಗುತ್ತದೆ, ಆಗಲಿ. ಬರೆಯಲು ಬಲ್ಲವರು ತಮ್ಮ ಊರಿನ ಒಬ್ಬೊಬ್ಬ ಹಿರಿಯ ಕಲಾವಿದರನ್ನು ಕೂರಿಸಿಕೊಂಡು ಯಾವ ಮೇಳ, ಯಾವ ವೇಷ, ಯಾರ ಜೊತೆ ಅಂತ ಬರೆದಿಡಿ. ಅದಕ್ಕೆ ಭಾಗವತರಿಂದ ಒಂದು ಸಹಿ ಹಾಕಿಸಿ. ಕವಿತೆ ಬರೆದಷ್ಟೇ ಮನಸ್ಸು ಕೊಟ್ಟು ಮಾಡಬೇಕಾದ ಬರವಣಿಗೆ ಇದು.

ಆಟದ, ಅಂದರೆ ಯಕ್ಷಗಾನ ಪ್ರದರ್ಶನದ, ವಿಷಯಕ್ಕೇ ಬಂದರೆ, ರಾತ್ರಿ ಹತ್ತರ ನಿಯಮ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವ ಹಾಗಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಕ್ಕೆ ಅಂತ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ನಿಯಮ ತೆಗೆದುಹಾಕಿ ಅಂತ ನಾನು ಹೇಳುವುದಿಲ್ಲ. ಕಾಯಿಲೆಯವರಿರುತ್ತಾರೆ, ಪರೀಕ್ಷೆಯ ಮಕ್ಕಳಿರುತ್ತಾರೆ, ಅವರ ನಿದ್ದೆಗೂ ಬೆಲೆ ಇದೆ. ಕಾಲಮಿತಿಯ ಆಟವನ್ನು ಜನ ಒಪ್ಪಿಕೊಂಡೂ ಆಗಿದೆ. ಆದರೆ ಆ 15 ದಿನಗಳಲ್ಲಿ ಸುಗ್ಗಿಗೆ ಎಷ್ಟು, ಜಾತ್ರೆಗೆ ಎಷ್ಟು, ಹರಕೆ ಆಟಕ್ಕೆ ಎಷ್ಟು ಅನ್ನುವ ಮಾತು ಬಂದಾಗ ಮೇಳದವರ ಅಭಿಪ್ರಾಯ ಯಾರಾದರೂ ಕೇಳಿದ್ದಾರಾ? ನಾವಾಗಿಯೇ ಮೇಳದ ತಿರುಗಾಟ ಶುರುವಾಗುವ ಮೊದಲೇ ಜಿಲ್ಲಾಡಳಿತದ ಮುಂದೆ ಹೋಗಿ ಕೂತಿದ್ದೇವಾ? ಆಟದ ಮಧ್ಯೆ ಪೊಲೀಸರು ಬಂದ ಮೇಲೆ ಜಗಳ ಮಾಡುವುದಕ್ಕಿಂತ ಮಳೆಗಾಲದಲ್ಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಜಾಗದ ಮಾತು ಇನ್ನೂ ದೊಡ್ಡದು. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲೆಯ ಊರುಗಳು ಎದ್ದು ಹೋದದ್ದು ನಮ್ಮ ಕಣ್ಣೆದುರಿನ ಕತೆ. ಈಗ ವಿಮಾನ ನಿಲ್ದಾಣದ ಜಮೀನಿನ ಮಾತು ನಡೆಯುತ್ತಿರುವುದು ಅಲಗೇರಿಯ ಸುತ್ತ. ದಿನಕರ ದೇಸಾಯಿಯವರು ಹುಟ್ಟಿದ ಅದೇ ಅಲಗೇರಿ. ಪರಿಹಾರದ ಪಟ್ಟಿಯಲ್ಲಿ ಗದ್ದೆಗೆ ಬೆಲೆ ಇದೆ, ಮನೆಗೆ ಇದೆ, ತೆಂಗಿನ ಮರಕ್ಕೆ ಇದೆ. ಸುಗ್ಗಿ ಕುಣಿತದ ತಂಡ ಮನೆಯಿಂದ ಮನೆಗೆ ಹೋಗುವ ದಾರಿಗೆ, ಆಟ ಆಗುವ ಬಯಲಿಗೆ, ದೇವರ ಎದುರಿನ ಕುಣಿತದ ಅಂಗಳಕ್ಕೆ ಯಾವ ಕಲಮಿನಲ್ಲಿ ಬೆಲೆ ಕಟ್ಟುತ್ತಾರೆ? ಹತ್ತು ಮನೆ ಹತ್ತು ಕಡೆ ಹಂಚಿಹೋದರೆ ಸುಗ್ಗಿ ತಂಡ ಕಟ್ಟುವುದು ಯಾರ ಜೊತೆ? ಯೋಜನೆ ಬೇಕೋ ಬೇಡವೋ ಅನ್ನುವ ಚರ್ಚೆಯನ್ನು ಊರವರು ಮಾಡುತ್ತಾರೆ. ಆದರೆ ಹೋಗುವುದರಲ್ಲಿ ಇದೂ ಒಂದು ಅಂತ ಅಹವಾಲು ಸಭೆಯಲ್ಲಿ ಎದ್ದು ಹೇಳಬೇಕಾದವರು ನಾವು. ಕಾನೂನಿನ ಭಾಷೆಯಲ್ಲಿ ಇಲ್ಲದ್ದನ್ನು ಮಾತಿನಲ್ಲಿ ಹಿಡಿಯುವುದು ಕವಿಗೆ ಬರುತ್ತದೆ.

ಇದಕ್ಕೆ ನನ್ನ ಕೆಲವು ಗೆಳೆಯರು ಹೇಳುವುದು ಒಂದೇ. ಕವಿ ಬರೆಯಲಿ, ಕಲಾವಿದ ಕುಣಿಯಲಿ, ಅರ್ಜಿ, ಸಭೆ, ರಾಜಕೀಯ ಅವನ ಕೆಲಸ ಅಲ್ಲ ಅಂತ. ಇಳಿದರೆ ಬರವಣಿಗೆ ಕೆಡುತ್ತದೆ ಅಂತ. ಶಿವರಾಮ ಕಾರಂತರು 1989ರಲ್ಲಿ ಇದೇ ನಮ್ಮ ಕ್ಷೇತ್ರದಿಂದ ಲೋಕಸಭೆಗೆ ನಿಂತಿದ್ದರಲ್ಲ? ಆಗ ಅವರಿಗೆ ಎಂಬತ್ತು ದಾಟಿತ್ತು. ಕೈಗಾ ಅಣುಸ್ಥಾವರ ಬೇಡ ಅಂತ ನಿಂತರು, ಸೋತರು. ಸೋತಿದ್ದಕ್ಕೆ ಅವರ ಬರವಣಿಗೆ ಸಣ್ಣದಾಯಿತಾ? 1983ರಲ್ಲಿ ಶಿರಸಿ ಹತ್ತಿರದ ಸಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ನಿಂತರು. ಆ ಅಪ್ಪಿಕೋ ಚಳವಳಿ ಹಳ್ಳಿ ಹಳ್ಳಿಗೆ ಹೋದದ್ದು ಬೀದಿ ನಾಟಕದಿಂದ, ಯಕ್ಷಗಾನದಿಂದ. ಅದರಿಂದ ಯಕ್ಷಗಾನ ಏನೂ ಕೆಡಲಿಲ್ಲ. ಕಾಡಿಗಾಗಿ ಹಾಡಲು ಬಂದ ಕಲಾವಿದರಿಗೆ ತಮ್ಮ ಕಲೆಗಾಗಿ ಒಂದು ಸಭೆಯಲ್ಲಿ ಮಾತಾಡುವುದು ಬಾರದೇ ಇರುತ್ತದಾ?

ಒಂದು ಎಚ್ಚರ ಮಾತ್ರ ಬೇಕು. ಕೇಳುವಾಗ ಸುಮ್ನೆ 'ಕಲೆಗೆ ಪ್ರೋತ್ಸಾಹ ಕೊಡಿ' ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಸಣ್ಣದಾದರೂ ಸರಿ, ಕಣ್ಣಿಗೆ ಕಾಣುವಂಥದ್ದನ್ನು ಕೇಳಬೇಕು. ಉದಾಹರಣೆಗೆ ಗ್ರಂಥಾಲಯ ಕರ. ನಾವು ಕಟ್ಟುವ ಮನೆ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯಕ್ಕೆ ಅಂತ ವಸೂಲಿ ಮಾಡುತ್ತಾರೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ರಸೀದಿ ತೆಗೆದು ನೋಡಿ. ನಮ್ಮ ಪಂಚಾಯ್ತಿಯಲ್ಲಿ ಅದು ಎಷ್ಟು ಬಂತು, ಅದರಲ್ಲಿ ಗ್ರಂಥಾಲಯಕ್ಕೆ ಎಷ್ಟು ಹೋಯಿತು, ಯಾವ ಪುಸ್ತಕ ಬಂತು ಅಂತ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ನಮ್ಮ ಪುಸ್ತಕ ಯಾರೂ ಕೊಳ್ಳುವುದಿಲ್ಲ ಅಂತ ಬೇಸರ ಮಾಡಿಕೊಳ್ಳುವ ಲೇಖಕರು ಇದನ್ನು ಮೊದಲು ಕೇಳಬೇಕು.

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು ಅಂತ ಕಾನೂನಿದೆ. ನಮ್ಮ ಊರಿನಲ್ಲಿ ಮುಂದಿನ ಸಲಕ್ಕೆ ನಾವು ಒಂದಿಷ್ಟು ಜನ ಒಟ್ಟಿಗೆ ಹೋಗುತ್ತಿದ್ದೇವೆ. ಇಬ್ಬರು ಗುಮಟೆಯವರು, ಒಬ್ಬರು ಮದ್ದಲೆಗಾರರು, ಶಾಲೆಯ ಕನ್ನಡ ಮಾಸ್ತರರು, ನಾನು. ಕೇಳುವುದು ಎರಡೇ. ಗ್ರಂಥಾಲಯ ಕರದ ಲೆಕ್ಕ ಓದಿ ಹೇಳಬೇಕು. ಶಾಲೆಯ ಹಿಂದಿನ ಬಯಲನ್ನು ಸುಗ್ಗಿಗೆ, ಆಟಕ್ಕೆ ಅಂತ ಪಂಚಾಯ್ತಿ ದಾಖಲೆಯಲ್ಲಿ ಬರೆಯಬೇಕು. ಎರಡನ್ನೂ ಬಾಯಿಮಾತಿನಲ್ಲಿ ಬಿಡದೇ ನಡಾವಳಿಯಲ್ಲಿ ಬರೆಸುತ್ತೇವೆ, ಅದರ ಪ್ರತಿ ಕೇಳುತ್ತೇವೆ. ಕುಮಟೆ, ಹೊನ್ನಾವರ, ಶಿರಸಿ ಕಡೆಯವರು ನಿಮ್ಮ ಪಂಚಾಯ್ತಿಯಲ್ಲಿ ಕೇಳುವುದಾದರೆ ತಿಳಿಸಿ, ನಾವು ಬರೆದುಕೊಂಡ ಅರ್ಜಿಯ ಮಾದರಿಯನ್ನು ಕಳಿಸಿಕೊಡುತ್ತೇನೆ.