ಮೈನಸ್ ಒಂದೂವರೆ ಹಾಲು

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ದೊಡ್ಡದು ಕೆಳಗೆ ಪಾರ್ಕಿಂಗಿನಲ್ಲಿ ಬಿದ್ದಿರುತ್ತದೆ. ಸ್ಟಿಯರಿಂಗ್ ಸಡಿಲ ಬಿಟ್ಟರೆ ಎಡಕ್ಕೆ ಎಳೆಯುತ್ತದೆ, ಹಂಪ್ ಹತ್ತಿಸಿದರೆ ಅಡಿಯಲ್ಲೆಲ್ಲೋ ಕಟಕಟ ಅನ್ನುತ್ತದೆ, ಅದರ ಟೈರು ಗಾಳಿ ಕಂಡಿದ್ದು ಯಾವುದೋ ಹಬ್ಬಕ್ಕೆ ಊರಿಗೆ ಹೊರಟಾಗ. ಚಿಕ್ಕದು ಟೀವಿ ಪಕ್ಕದಲ್ಲಿ, ಮಡಿಸಿದ ಟರ್ಕಿ ಟವೆಲ್ ಮೇಲೆ ಆಸೀನವಾಗಿರುತ್ತದೆ. ಅದರ ಚಕ್ರ ಅರ್ಧ ಡಿಗ್ರಿ ವಾಲಿದರೆ ನಮ್ಮ ಮನೆಯವರಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಬಂದ ನೆಂಟರು ಕಾಫಿ ಕುಡಿದು ಸುಮ್ಮನೆ ಹೋಗಬೇಕಪ್ಪ! "ಮಗಳ ಆಟದ ಸಾಮಾನಾ?" ಅಂತ ಕೇಳಿಬಿಡುತ್ತಾರೆ. ಮುಗಿಯಿತು. 1976ರಲ್ಲಿ ಜಪಾನಿನ ಶಿಜುವೊಕಾದ ತಮಿಯಾ ಕಂಪನಿ ಪೋರ್ಷೆ 934ರ ರೇಡಿಯೋ ಕಂಟ್ರೋಲ್ ಮಾದರಿ ತಂದಲ್ಲಿಂದ ಶುರುವಾಗಿ, ಅದೇ ಕಂಪನಿ 2013ರಲ್ಲಿ ಹೊರತಂದ ಟಿಟಿ-02 ಅನ್ನುವ ನಮ್ಮನೆ ಗಾಡಿಯ ತನಕ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ. "ಇದು ಟೂರಿಂಗ್ ಕಾರು. ಅಸಲಿ ಕಾರಿನ ಹತ್ತನೇ ಒಂದು ಅಳತೆ. ಮೋಟಾರು ನಾಲ್ಕೂ ಚಕ್ರ ತಿರುಗಿಸುತ್ತೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 257 ಮಿಲಿಮೀಟರ್." ನೆಂಟರು ನನ್ನ ಮುಖ ನೋಡುತ್ತಾರೆ. ನಾನು ಚಕ್ಕುಲಿ ತಟ್ಟೆ ಮುಂದಕ್ಕೆ ತಳ್ಳುತ್ತೇನೆ.

ಡಬ್ಬದಲ್ಲಿ ಬಂದ ಹಾಗೇ ಜೋಡಿಸಿ ಓಡಿಸಿದ್ದರೆ ಆ ಗಾಡಿಯಿಂದ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಡಬ್ಬದಲ್ಲಿ ಬಂದದ್ದು ಎಣ್ಣೆಯಿಲ್ಲದ ಶಾಕ್ ಅಬ್ಸಾರ್ಬರುಗಳು, ಅದು ಇವರಿಗೆ ಅವಮಾನವಾಯಿತು. ಎಣ್ಣೆ ತುಂಬುವ ಶಾಕುಗಳು ಬಂದವು. ಅವಕ್ಕೆ ಸಿಲಿಕಾನ್ ಎಣ್ಣೆಯ ಪುಟ್ಟ ಪುಟ್ಟ ಬಾಟಲಿಗಳು ಬಂದವು, ಒಂದೊಂದರ ಮೇಲೂ ಒಂದೊಂದು ನಂಬರು. ನಂಬರು ಹೆಚ್ಚಿದಷ್ಟೂ ಎಣ್ಣೆ ಮಂದ. ಬಿಸಿಲು ಏರಿದರೆ ಎಣ್ಣೆ ತೆಳ್ಳಗಾಗುತ್ತದೆ, ಹಾಗಾಗಿ ಡಿಸೆಂಬರಿಗೆ 350 ಹಾಕಿದವರು ಏಪ್ರಿಲ್ಲಿಗೆ 450 ಹಾಕಬೇಕು. ಎಣ್ಣೆ ತುಂಬಿ, ಒಳಗಿನ ಪಿಸ್ಟನ್ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗಾಳಿಯ ಗುಳ್ಳೆಗಳು ಒಂದೊಂದಾಗಿ ಮೇಲೇಳುವ ತನಕ ಕಾಯಬೇಕು. ಆ ಹೊತ್ತಿನಲ್ಲಿ ಮನೆಯಲ್ಲಿ ಮಿಕ್ಸಿ ಹಾಕುವ ಹಾಗಿಲ್ಲ. "ಶ್! ಗುಳ್ಳೆ ಏಳ್ತಿದೆ." ಆಮೇಲೆ ಎಡಗಡೆಯದು, ಬಲಗಡೆಯದು ಎರಡನ್ನೂ ಕಿವಿಯ ಹತ್ತಿರ ಹಿಡಿದು ಒತ್ತಿ ಒತ್ತಿ ಕೇಳುತ್ತಾರೆ. ನಾನು ಕರೆದದ್ದು ಮಾತ್ರ ಆ ಕಿವಿಗೆ ಬೀಳುವುದಿಲ್ಲ.

ಎಣ್ಣೆಯಿಂದಲೇ ಮೊದಲ ಅನಾಹುತ ಆಗಿದ್ದು. ಶಾಕಿಗೆ ಹಾಕುವುದು ಮುನ್ನೂರು ನಾನೂರರ ಎಣ್ಣೆಯಾದರೆ, ಮುಂದಿನ ಡಿಫರೆನ್ಷಿಯಲ್ಲಿಗೆ, ಅಂದರೆ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಡಬ್ಬಿಗೆ, ಹಾಕುವುದು ಐದು ಲಕ್ಷದ್ದು. ಬೆಲೆಯಲ್ಲ, ನಂಬರು. ಬಾಟಲಿ ತಲೆಕೆಳಗು ಮಾಡಿದರೆ ಜೋನಿ ಬೆಲ್ಲದ ಹಾಗೆ ಯೋಚನೆ ಮಾಡಿ ಮಾಡಿ ಇಳಿಯುತ್ತದೆ. ಎರಡು ಮುಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗದಂತೆ ತಡೆದರೆ ತಿರುವಿನಿಂದ ಹೊರಬರುವಾಗ ಕಾರು ಚೆನ್ನಾಗಿ ಎಳೆಯುತ್ತದಂತೆ. ಇದೆಲ್ಲ ನಮ್ಮತ್ತೆಗೆ ಯಾರು ಹೇಳಬೇಕು? ಅವರ ಹೊಲಿಗೆ ಮಿಷನ್ನು ಕಿರುಗುಟ್ಟುತ್ತಿತ್ತು, ಕಪಾಟಿನಲ್ಲಿ ಎಣ್ಣೆ ಬಾಟಲಿ ಕಂಡಿತು, ಇದ್ದಬದ್ದ ತೂತಿಗೆಲ್ಲ ಬಿಟ್ಟರು. ಮಿಷನ್ನು ದಿಂಬಿನ ಕವರಿಗೆ ನಾಲ್ಕು ಹೊಲಿಗೆ ಹಾಕಿ, ನಿಟ್ಟುಸಿರು ಬಿಟ್ಟು ನಿಂತಿತು.

"ಇದೆಂಥಾ ಎಣ್ಣೆಯೋ? ಎಣ್ಣೆ ಅಂದ್ಮೇಲೆ ಜಾರಬೇಕು. ಜಾರದೇ ಇರೋಕೂ ದುಡ್ಡು ಕೊಟ್ಟು ಎಣ್ಣೆ ತರ್ತೀಯಾ?"

"ಅಮ್ಮಾ, ಅದು ಡಿಫ್ ಆಯಿಲ್ಲು..." ಅಂದವರು, ಬಾಟಲಿಯಲ್ಲಿ ಎಷ್ಟು ಉಳಿದಿದೆ ಅಂತ ಬೆಳಕಿಗೆ ಹಿಡಿದು ನೋಡಿದರು. ಮಿಷನ್ ರಿಪೇರಿಯವನು ಬಂದು ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದುಕೊಟ್ಟ. ಹೋಗುವಾಗ, "ಅಮ್ಮ, ಈ ಎಣ್ಣೆ ಎಲ್ಲಿ ಸಿಗುತ್ತೆ?" ಅಂತ ಕೇಳಿದ. ಅವನ ವ್ಯಾಪಾರಕ್ಕೆ ಅನುಕೂಲ ಅಂತಲೋ ಏನೋ.

ಅಡುಗೆ ಕಟ್ಟೆಯ ಕಥೆ ಬೇರೆ. ಈ ಕಾರಿನ ಹೊಟ್ಟೆ ನೆಲದಿಂದ 5 ಮಿಲಿಮೀಟರ್ ಮೇಲಿರಬೇಕು, ಎಡಬಲದ ಚಕ್ರಗಳ ಮೇಲೆ ಒಂದೇ ಭಾರ ಬೀಳಬೇಕು. ಇದನ್ನು ನೋಡಲು ಸಮತಟ್ಟಾದ ಜಾಗ ಬೇಕು, ಮನೆಯಲ್ಲಿ ಗ್ರಾನೈಟ್ ಇರುವುದು ಅಡುಗೆಮನೆಯಲ್ಲಿ ಮಾತ್ರ. ನಾನು ದೋಸೆ ಹುಯ್ಯುವ ಹೊತ್ತಿಗೆ ಪಕ್ಕದಲ್ಲಿ ಕಾರು ಬಂದು ನಿಲ್ಲುತ್ತಿತ್ತು. ನನ್ನ ತರಕಾರಿ ಚಾಕುವಿನ ತುದಿಯನ್ನು ಅದರ ಮೂತಿಯ ನಟ್ಟನಡುವೆ ಕೆಳಗಿಟ್ಟು ಮೆಲ್ಲಗೆ ಎತ್ತುವುದು. ಎರಡು ಚಕ್ರವೂ ಒಟ್ಟಿಗೆ ಎದ್ದರೆ ಸರಿ, ಒಂದು ಮೊದಲು ಎದ್ದರೆ ಕಾರಿನ ಮೈ ತಿರುಚಿದೆ ಅಂತ ಅರ್ಥ. ಅಂದು ಪ್ರತಿ ಸಲವೂ ಎಡಗಡೆಯದೇ ಮೊದಲು ಏಳುತ್ತಿತ್ತು. ಶಾಕಿನ ಸ್ಪ್ರಿಂಗ್ ಅರ್ಧ ಮಿಲಿಮೀಟರ್ ಬಿಗಿ ಮಾಡಿದರು, ಸ್ಕ್ರೂ ಎಲ್ಲ ಸಡಿಲಿಸಿ ಮತ್ತೆ ಬಿಗಿದರು, ಬ್ಯಾಟರಿ ಸರಿಸಿದರು. ದೋಸೆ ಹಿಟ್ಟು ಮುಗಿಯಿತು.

"ರೀ, ನೀರು ಸಿಂಕಿನ ಕಡೆ ಹರೀಲಿ ಅಂತ ಮೇಸ್ತ್ರಿ ಕಟ್ಟೆಗೆ ವಾಟ ಕೊಟ್ಟಿದ್ದಾನೆ" ಅಂದೆ.

ಒಂದು ಲೋಟ ನೀರು ಚೆಲ್ಲಿ ನೋಡಿದರು. ನೀರು ಸಿಂಕಿನ ಕಡೆಗೇ ಹೋಯಿತು. ಮೇಸ್ತ್ರಿಯ ಕೆಲಸವನ್ನು ಹೊಗಳುವ ಬದಲು ಬೈದರು. ಈಗ ದಪ್ಪ ಗಾಜಿನ ಹಲಗೆಯೊಂದು ಮಂಚದ ಕೆಳಗೆ ಬಂದು ಕೂತಿದೆ. ಕಸ ಗುಡಿಸಲು ಬರುವಾಕೆ ಅದನ್ನು ಇನ್ನೂ ಒಡೆದಿಲ್ಲ ಅನ್ನುವುದು ಆಕೆಯ ದೊಡ್ಡತನ.

ಇವರ ಮಾತು ಕೇಳಿ ಕೇಳಿ ನನಗೂ ಸ್ಪ್ರಿಂಗಿನ ನ್ಯಾಯ ಗೊತ್ತಾಗಿದೆ. ಯಾವ ಕಡೆ ಮೆತ್ತಗಿರುತ್ತೋ ಆ ಕಡೆ ಹಿಡಿತ ಹೆಚ್ಚು. ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೇ ಹೋಗುತ್ತಿದೆಯಾ? ಮುಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿ. ಮಾಡಿದಿರಾ? ಈಗ ಮೂತಿ ತಿರುಗುತ್ತದೆ, ಬಾಲ ಬೀಸುತ್ತದೆ. ಹಿಂದಿನದೂ ಮೆತ್ತಗೆ ಮಾಡಿ. ಈಗ ತಿರುವಿನಲ್ಲಿ ಇಡೀ ಕಾರು ಒರಗುತ್ತದೆ. ಒರಗದ ಹಾಗೆ ಅಡ್ಡಕ್ಕೊಂದು ಆ್ಯಂಟಿ ರೋಲ್ ಬಾರ್ ಹಾಕಿ. ಹಾಕಿದ ಮೇಲೆ ಮೂತಿ ಮತ್ತೆ ನೆಟ್ಟಗೆ ಹೋಗುತ್ತದೆ. ಇಷ್ಟಕ್ಕೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು ಅನ್ನುವುದು ಈ ವಿದ್ಯೆಯ ಮೊದಲ ನಿಯಮವಂತೆ.

ಇವರು ಬರೆದಿಟ್ಟದ್ದು ನಮ್ಮ ಹಾಲಿನ ಡೈರಿಯಲ್ಲಿ. ಚಕ್ರ ಎಷ್ಟು ಡಿಗ್ರಿ ವಾಲಿದೆ ಅನ್ನುವುದಕ್ಕೆ ಕ್ಯಾಂಬರ್ ಅಂತ ಹೆಸರು; ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಅದನ್ನು ಮೈನಸ್ ಅಂತ ಬರೆಯುತ್ತಾರೆ. ತಿಂಗಳ ಕೊನೆಗೆ ಅತ್ತೆ ಕನ್ನಡಕ ಏರಿಸಿಕೊಂಡು, ಹಾಲಿನ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಲೆಕ್ಕಕ್ಕೆ ಕೂತರು. "ಸೋಮವಾರ ಎರಡು, ಮಂಗಳವಾರ ಎರಡು, ಬುಧವಾರ... ಮೈನಸ್ ಒಂದೂವರೆ ಹಾಲಾ? ಏನೋ ಇದು, ನಾವೇ ನಿನಗೆ ವಾಪಸ್ ಕೊಟ್ಟಿದ್ವಾ?" ಹುಡುಗ ಡೈರಿಯೊಳಗೆ ಇಣುಕಿ, "ಹೌದಜ್ಜಿ, ಅವತ್ತು ಒಂದೂವರೆ" ಅಂತ ಅದನ್ನೂ ಕೂಡಿಸಿಯೇ ದುಡ್ಡು ತೆಗೆದುಕೊಂಡು ಹೋದ.

ಟೈರಿನ ವಿಷಯಕ್ಕೆ ಬಂದರೆ ನನ್ನ ತಾಳ್ಮೆ ತಪ್ಪುತ್ತದೆ. ಇದರ ಟೈರಿಗೆ ಗಾಳಿ ಇಲ್ಲ, ಒಳಗೆ ಸ್ಪಂಜು. ರಬ್ಬರ್ ಬಿಸಿಯಾದರೇ ಹಿಡಿತ. ಅದಕ್ಕೆಂದೇ ವಿದ್ಯುತ್ತಿನ ಪುಟ್ಟ ಕಂಬಳಿಗಳು ಸಿಗುತ್ತವಂತೆ, ಓಡಿಸುವ ಮುಂಚೆ ಟೈರಿಗೆ ಹೊದಿಸಲು. ಅವು ತುಟ್ಟಿ ಅಂತ ಸದ್ಯಕ್ಕೆ ನನ್ನ ಹೇರ್ ಡ್ರೈಯರ್ ದುಡಿಯುತ್ತಿದೆ. ಹಿಡಿತ ಹೆಚ್ಚಿಸಲು ಹಚ್ಚುವ ದ್ರಾವಣವೂ ಇದೆ. ಇವರು ತಂದ ಡಬ್ಬಿಯ ಮುಚ್ಚಳ ತೆಗೆದರೆ ಮನೆಯೆಲ್ಲ ನೋವಿನ ಮುಲಾಮಿನ ವಾಸನೆ. ಎರಡರಲ್ಲೂ ಇರುವುದು ವಿಂಟರ್‌ಗ್ರೀನ್ ಎಣ್ಣೆಯಂತೆ. ಅತ್ತೆ ಒಳಗಿನಿಂದ, "ಯಾರಿಗೋ ಉಳುಕಿದ್ದು?" ಅಂತ ಗಾಬರಿಯಿಂದ ಬಂದರು. ಮಗ ಸೋಫಾದ ಮೇಲೆ ಕೂತು ಟೈರಿಗೆ ಬ್ರಷ್ಷಿನಲ್ಲಿ ನಯವಾಗಿ ಸವರುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದರು. "ನನ್ನ ಮಂಡಿ ಇಷ್ಟು ದಿನದಿಂದ ಕೂಗ್ತಿದೆ" ಅಂದು ಒಳಗೆ ಹೋದರು. ಮೂರು ದಿನ ಮಾತಿಲ್ಲ.

ಅಷ್ಟೆಲ್ಲ ಹಚ್ಚಿ ಹಿಡಿತ ಬಂದ ಮೇಲೆ ಆಗಿದ್ದೇನು? ಹಿಡಿತ ಹೆಚ್ಚಾಗಿ ಕಾರು ತಿರುವಿನಲ್ಲಿ ಪಲ್ಟಿ ಹೊಡೆಯಿತು. ಅದಕ್ಕೆ ಪರಿಹಾರ: ಟೈರಿನ ಹೊರ ಅಂಚಿಗೆ ತೆಳ್ಳಗೆ ಸೂಪರ್ ಗ್ಲೂ ಬಳಿದು ಗಟ್ಟಿ ಮಾಡುವುದು, ಆಗ ಅಂಚು ರಸ್ತೆಯನ್ನು ಕಚ್ಚುವುದಿಲ್ಲ. ಕಚ್ಚಲಿ ಅಂತ ಒಂದು ಬಾಟಲಿ, ಕಚ್ಚದಿರಲಿ ಅಂತ ಇನ್ನೊಂದು! ಆ ಭಾನುವಾರ ಗ್ಲೂ ರಸ್ತೆಯ ಬದಲು ಇವರ ಹೆಬ್ಬೆರಳನ್ನು ಕಚ್ಚಿತು. ಅದೇ ಹೊತ್ತಿಗೆ ಕೊರಿಯರ್‌ನವನು ಬಂದ. ಬಲಗೈಯಲ್ಲಿ ಟೈರು ಅಂಟಿಸಿಕೊಂಡು ಬಾಗಿಲು ತೆರೆದ ಮನುಷ್ಯನನ್ನು ನೋಡಿ ಅವನು ಓಟಿಪಿ ಕೇಳುವುದನ್ನೇ ಮರೆತ. ನನ್ನ ನೇಲ್ ಪಾಲಿಷ್ ರಿಮೂವರ್ ಅರ್ಧ ಬಾಟಲಿ ಖಾಲಿಯಾಗಿ ಹೆಬ್ಬೆರಳು ಬಿಡುಗಡೆಯಾಯಿತು. ಕೊರಿಯರ್ ತಂದದ್ದೇನು ಅಂತ ಕೇಳಬೇಡಿ. ಇನ್ನೊಂದು ಸೆಟ್ ಟೈರು.

ಓಡಿಸುವ ಜಾಗದ್ದು ಇನ್ನೊಂದು ಗೋಳು. ನಮ್ಮ ಬೀದಿಯಲ್ಲಿ ಆಗದು. ಒಂದು ಸಾಮಾನ್ಯ ಹಂಪ್ ಆ ಅಳತೆಯ ಕಾರಿಗೆ ಎದೆಮಟ್ಟದ ಗೋಡೆ. ಬೆಳಗ್ಗೆ ಬೇಗ ಪ್ರಯತ್ನ ಮಾಡಿದಾಗ ರಂಗೋಲಿ ಪುಡಿ ಟೈರಿಗೆ ಮೆತ್ತಿಕೊಂಡು ಹಿಡಿತವೆಲ್ಲ ಹೋಯಿತು, ಜೊತೆಗೆ ಎದುರು ಮನೆ ಆಂಟಿಯ ಹದಿನೈದು ಚುಕ್ಕಿ ರಂಗೋಲಿಯೂ. ಆದ್ದರಿಂದ ಇವರು ಮತ್ತು ಇವರಂಥ ಇನ್ನೂ ನಾಲ್ಕಾರು ಜನ ಕಂಡುಕೊಂಡಿರುವುದು ಊರಾಚೆಯ ಹೊಸ ಬಡಾವಣೆ. ಸೈಟು ಮಾರಾಟಕ್ಕಿದೆ, ಮನೆ ಒಂದೂ ಇಲ್ಲ, ಕನ್ನಡಿಯಂತೆ ಅನ್ನುವುದು ಬೇಡ, ಆದರೆ ಬೆಂಗಳೂರಿನಲ್ಲಿ ಬೇರೆಲ್ಲೂ ಕಾಣದಷ್ಟು ನೀಟಾದ ಡಾಂಬರು ರಸ್ತೆ.

ಒಂದು ಭಾನುವಾರ ನಾನೂ ಹೋಗಿದ್ದೆ. ಇವರು ಇಳಿದವರೇ ಮಂಡಿಯೂರಿ ರಸ್ತೆಯನ್ನು ಅಂಗೈಯಿಂದ ಸವರಿದರು, ಬಿಸಿ ನೋಡಿದರು, ಜಲ್ಲಿಯ ಮೇಲೆ ಉಗುರು ಆಡಿಸಿದರು. ಶೆಡ್ಡಿನಿಂದ ಟೈ ಕಟ್ಟಿದ ಏಜೆಂಟ್ ಹುಡುಗನೊಬ್ಬ ಓಡಿ ಬಂದ.

"ಸಾರ್, ಇಷ್ಟು ಕೂಲಂಕಷವಾಗಿ ನೋಡೋ ಪಾರ್ಟೀನೇ ಬಂದಿರಲಿಲ್ಲ ಸಾರ್."

"ಡಾಂಬರು ಯಾವಾಗ ಹಾಕಿದ್ದು?"

"ದಸರಾ ಮುಂಚೆ ಸಾರ್. ಹೈವೇ ಕ್ವಾಲಿಟಿ."

"ಜಲ್ಲಿ ಇನ್ನೂ ಸಣ್ಣದಿರಬೇಕಿತ್ತು. ದಿನಾ ಗುಡಿಸ್ತೀರಾ?"

ಗುಡಿಸುವ ಪ್ರಶ್ನೆಗೆ ಹುಡುಗ ಕ್ಷಣ ತಡವರಿಸಿ, "ನೀವು ಹೇಳಿದ್ರೆ ಗುಡಿಸ್ತೀವಿ ಸಾರ್" ಅಂದ. ಆಮೇಲೆ ನನ್ನ ಕಡೆ ತಿರುಗಿ ಪೂರ್ವ ದಿಕ್ಕಿನ ಕಾರ್ನರ್ ಸೈಟು, ಬೋರ್‌ವೆಲ್ಲು, ಮೆಟ್ರೋ ಎಲ್ಲ ವಿವರಿಸಿದ. ಹಿಂದೆ ಇವರ ಕಾರು ಚೀರುತ್ತ ತಿರುಗಿ, ಅವನ ಕಾಲ ಸಂದಿಯಲ್ಲಿ ಹಾದು, ಈ ಸಲ ಪಲ್ಟಿ ಹೊಡೆಯದೆ ಮುಂದೆ ಹೋಯಿತು. "ನೋಡ್ದಾ? ಹಿಂದಿನ ಸ್ಪ್ರಿಂಗ್!" ಅಂತ ಇವರು ಅಲ್ಲಿಂದಲೇ ಕೂಗಿದರು. ಹುಡುಗ ಹೌದೆಂದು ತಲೆಯಾಡಿಸಿದ.

ಫೋನ್ ನಂಬರು ಕೊಟ್ಟು ಬಂದಿದ್ದರು. ಮೊನ್ನೆ ರಾತ್ರಿ ಊಟದ ಹೊತ್ತಿಗೆ ಅವನ ಕರೆ ಬಂತು, ಸ್ಪೀಕರಿನಲ್ಲಿತ್ತು. "ಸಾರ್, ಎರಡನೇ ಕ್ರಾಸಿಗೂ ಟಾರ್ ಬಿತ್ತು. ನೀವು ಹೇಳಿದ ಹಾಗೆ ಸಣ್ಣ ಜಲ್ಲೀನೇ ಹಾಕ್ಸಿದೀವಿ. ಅಡ್ವಾನ್ಸ್ ಯಾವಾಗ ತರ್ತೀರಾ?"

ಅತ್ತೆ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿಟ್ಟು, ಬಹಳ ದಿನಗಳ ಮೇಲೆ ಮಗನ ಮುಖವನ್ನು ಅಭಿಮಾನದಿಂದ ನೋಡಿದರು. "ಸೈಟ್ ತಗೋತಿದ್ದೀಯೇನೋ?"

ಇವರು ಎಂಜಲು ಕೈಯಲ್ಲೇ ಎದ್ದು ಹೋಗಿ, ಹೊಸ ಸೆಟ್ ಟೈರನ್ನು ಬ್ಯಾಗಿಗೆ ತುಂಬುತ್ತಿದ್ದರು.