ಬರ್ಲಿನ್ನಿನ ಚೀಟಿ, ಬೆಂಗಳೂರಿನ 19 ಪತ್ರಗಳು

ಬರ್ಲಿನ್‌ನಲ್ಲಿ ಯಾರನ್ನಾದರೂ 1989 ಅಂತ ಕೇಳಿ, ಗೋಡೆ ಬಿತ್ತು ಅಂತಾರೆ. ಹುಬ್ಬಳ್ಳಿಯಲ್ಲಿರುವ ನಮ್ಮಪ್ಪನನ್ನು ಕೇಳಿದರೆ ಆಗ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಸರ್ಕಾರ ಬಿತ್ತು ಅಂತಾರೆ. ಎರಡೂ ನಿಜ. ಆದರೆ ಬಿದ್ದದ್ದನ್ನು ನೆನಪಿಟ್ಟುಕೊಳ್ಳುವ ರೀತಿಯಲ್ಲಿ ಅಜಗಜಾಂತರ ಇದೆ. ಇಲ್ಲಿ ಸಂಸಾರ ಹೂಡಿದ ಮೇಲೆ ಅದು ನನ್ನ ತಲೆ ಕೊರೆಯುತ್ತಲೇ ಇದೆ.

ನವೆಂಬರ್ 9ರ ಸಂಜೆ ಪೂರ್ವ ಬರ್ಲಿನ್‌ನಲ್ಲಿ ಪತ್ರಿಕಾಗೋಷ್ಠಿ. ಪೂರ್ವ ಜರ್ಮನಿಯನ್ನು ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ವಕ್ತಾರ ಗ್ಯುಂಟರ್ ಶಾಬೊವ್ಸ್ಕಿ ಕೈಯಲ್ಲಿ ಒಂದು ಕಾಗದ ಇತ್ತು. ದೇಶದ ಜನ ಹೊರಗೆ ಹೋಗಬಹುದು ಎಂಬ ಹೊಸ ನಿಯಮ ಅದರಲ್ಲಿತ್ತು. ನಿಯಮ ಜಾರಿಯಾಗಬೇಕಿದ್ದದ್ದು ಮರುದಿನ. ಅದನ್ನು ಚರ್ಚಿಸಿದಾಗ ಶಾಬೊವ್ಸ್ಕಿ ಸಭೆಯಲ್ಲಿ ಇರಲಿಲ್ಲ. ಯಾವಾಗಿನಿಂದ ಅಂತ ಪತ್ರಕರ್ತರು ಕೇಳಿದರು. ಅವರು ಕಾಗದ ತಡಕಾಡಿ, ತಮಗೆ ತಿಳಿದ ಮಟ್ಟಿಗೆ ಈಗಲೇ, ತಡವಿಲ್ಲದೆ ಅಂದುಬಿಟ್ಟರು. ಟಿವಿ ನೋಡಿದ ಜನ ಗಡಿಗೆ ನುಗ್ಗಿದರು. ಬೊರ್ನ್‌ಹೋಲ್ಮರ್ ರಸ್ತೆಯ ಗೇಟಿನಲ್ಲಿದ್ದ ಅಧಿಕಾರಿ ಹರಾಲ್ಡ್ ಯೇಗರ್ ಮೇಲಿನವರಿಗೆ ಫೋನ್ ಮೇಲೆ ಫೋನ್ ಮಾಡಿದರು. ಸರಿಯಾದ ಉತ್ತರ ಸಿಗಲಿಲ್ಲ. ರಾತ್ರಿ ಸುಮಾರು ಹನ್ನೊಂದೂವರೆಗೆ ತಾವೇ ಗೇಟು ತೆಗೆಸಿದರು. 28 ವರ್ಷದ ಗೋಡೆಗೆ ಅಲ್ಲಿಗೆ ಅರ್ಥವೇ ಹೋಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನ ರಾಜಭವನಕ್ಕೂ ಕಾಗದಗಳು ಹೋಗಿದ್ದವು. ಜನತಾ ದಳದ ಶಾಸಕರೊಬ್ಬರು 19 ಶಾಸಕರ ಪತ್ರ ತಂದುಕೊಟ್ಟರು. ಬೊಮ್ಮಾಯಿಗೆ ಬೆಂಬಲ ಇಲ್ಲ ಎಂದು ಅದರಲ್ಲಿತ್ತು. ಏಪ್ರಿಲ್ 20ರಂದು ಆ 19ರಲ್ಲಿ 7 ಜನ ಬೇರೆ ಪತ್ರ ಬರೆದರು: ನಮಗೆ ತಪ್ಪು ಹೇಳಿ ಸಹಿ ಹಾಕಿಸಿಕೊಂಡರು, ನಮ್ಮ ಬೆಂಬಲ ಇದೆ. ಬೇಕಾದರೆ ಅಧಿವೇಶನವನ್ನು ಬೇಗನೇ ಕರೆದು ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಹೇಳಿದರು. ರಾಜ್ಯಪಾಲ ವೆಂಕಟಸುಬ್ಬಯ್ಯ ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಅಪ್ಪ ಇವತ್ತಿಗೂ ಅದನ್ನು ಒಂದೇ ಮಾತಲ್ಲಿ ಹೇಳೋದು: ‘ಮಂದಿ ಎಣಸಾಕ ಬಿಡಲಿಲ್ಲ ನೋಡಪಾ.’

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಬಹುಮತ ಇದೆಯೋ ಇಲ್ಲವೋ ಗೊತ್ತಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಈಗ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ವಕೀಲರು ಮೊದಲು ಎತ್ತೋದು ಬೊಮ್ಮಾಯಿ ತೀರ್ಪನ್ನೇ. ಇಡೀ ದೇಶಕ್ಕೆ ಕರ್ನಾಟಕ ಕೊಟ್ಟ ದೊಡ್ಡ ಪಾಠ ಇದು. ಬೊಮ್ಮಾಯಿಗೆ ಮಾತ್ರ ಕುರ್ಚಿ ವಾಪಸ್ ಬರಲಿಲ್ಲ. ಅಷ್ಟರಲ್ಲಿ ಚುನಾವಣೆ ಆಗಿ ಕಾಂಗ್ರೆಸ್ ಸರ್ಕಾರ ಬಂದು ವರ್ಷಗಳೇ ಆಗಿದ್ದವು.

ಆ ಪತ್ರಿಕಾಗೋಷ್ಠಿಗೆ ಶಾಬೊವ್ಸ್ಕಿ ಬರೆದುಕೊಂಡಿದ್ದ ಟಿಪ್ಪಣಿಯ ಚೀಟಿಯನ್ನು ಬಾನ್ ನಗರದ ಇತಿಹಾಸ ಸಂಗ್ರಹಾಲಯ 25,000 ಯೂರೋ ಕೊಟ್ಟು ಕೊಂಡಿದೆ. ಅವಸರದಲ್ಲಿ ಕೈಬರಹದಲ್ಲಿ ಗೀಚಿದ ಒಂದು ಹಾಳೆ, ಅಷ್ಟೇ! ನಮ್ಮ 19 ಪತ್ರಗಳ ಕಥೆ ತೀರ್ಪಿನ ಪುಟಗಳಲ್ಲಿದೆ. ಆ ಪತ್ರಗಳನ್ನು ಕಣ್ಣಾರೆ ನೋಡಬೇಕು ಅಂತ ಹಟ ಹಿಡಿದವರನ್ನು ನಾನಂತೂ ಕಂಡಿಲ್ಲ.

ಕಾಗದ ಕೇಳುವ ಈ ಹಟ ಇಲ್ಲಿಯವರಿಗೆ ಬಂದದ್ದಕ್ಕೆ ಕಾರಣ ಇದೆ. ಪೂರ್ವ ಜರ್ಮನಿಯ ಗುಪ್ತ ಪೊಲೀಸರಾದ ಸ್ಟಾಸಿ ಜನರ ಮೇಲೆ ಕಡತ ಇಟ್ಟಿದ್ದರು. 1992ರಿಂದ ಯಾರು ಬೇಕಾದರೂ ಅರ್ಜಿ ಹಾಕಿ ತಮ್ಮ ಕಡತ ಓದಬಹುದು. ನಮ್ಮ ಮೇಲಿನ ಮಹಡಿಯ ಅಜ್ಜಿ ಓದಿ ಬಂದಿದ್ದಾರೆ. ಯಾವ ದಿನ ಯಾರು ಮನೆಗೆ ಬಂದರು, ಎಷ್ಟು ಹೊತ್ತಿಗೆ ಹೊರಟರು, ಕಿಟಕಿಯ ದೀಪ ಯಾವಾಗ ಆರಿತು, ಎಲ್ಲಾ ಟೈಪ್ ಮಾಡಿ ಇಟ್ಟಿದ್ದರಂತೆ. ಮಾಹಿತಿ ಕೊಟ್ಟವರದ್ದು ಗುಪ್ತ ಹೆಸರು. ವಿವರ ಓದಿದರೆ ಯಾರಂತ ಗೊತ್ತಾಗುತ್ತೆ ಅಂತಾರೆ ಅಜ್ಜಿ. ಅವರ ಗಂಡ ಅರ್ಜಿಯನ್ನೇ ಹಾಕಲಿಲ್ಲ. ಗೊತ್ತಾಗಿಬಿಟ್ಟರೆ ಅಣ್ಣತಮ್ಮಂದಿರ ಜತೆ ಕೂತು ಊಟ ಮಾಡೋದು ಹೇಗೆ ಅನ್ನೋದು ಅವರ ಲೆಕ್ಕ. ನನಗೆ ಇಬ್ಬರೂ ಸರಿ ಅನಿಸುತ್ತಾರೆ.

ಹಾಗಂತ ಇಲ್ಲಿಯವರ ನೆನಪೇನೂ ಪೂರ್ತಿ ಅಲ್ಲ. 2014ರಲ್ಲಿ 25ನೇ ವರ್ಷಕ್ಕೆ ಗೋಡೆ ಇದ್ದ ಜಾಗದುದ್ದಕ್ಕೂ ಸುಮಾರು 15 ಕಿಲೋಮೀಟರ್ ದೀಪದ ಬಲೂನು ಕಟ್ಟಿದರು. ಚೆನ್ನಾಗಿತ್ತು, ಒಪ್ಪೋಣ. ಆದರೆ ಗೋಡೆ ಬಿದ್ದ ಮೇಲೆ ಪೂರ್ವದ ಸಾವಿರಾರು ಸರ್ಕಾರಿ ಕಾರ್ಖಾನೆಗಳು ಖಾಸಗಿಯವರ ಕೈಗೆ ಹೋದವು, ಎಷ್ಟೋ ಮುಚ್ಚಿದವು. ಅಜ್ಜಿಯ ಕೆಲಸವೂ ಹಾಗೇ ಹೋಯಿತು. ಆ ಸಂಕಟಕ್ಕೆ ಬಲೂನು ಕಟ್ಟೋರು ಯಾರು? ಇನ್ನು ನನ್ನ ಪೋಲೆಂಡಿನ ಸಹೋದ್ಯೋಗಿಗೆ ಈ ಗೋಡೆ ಮಾತು ಕೇಳಿದರೇ ಉರಿ. ಜೂನ್ 4ಕ್ಕೇ ನಾವು ಮತ ಹಾಕಿ ಕಮ್ಯುನಿಸ್ಟರನ್ನು ಸೋಲಿಸಿದ್ದೆವು, ಹಂಗೇರಿಯವರು ಸೆಪ್ಟೆಂಬರ್‌ನಲ್ಲಿ ಗಡಿ ತೆರೆದರು, ಆದರೂ ಫೋಟೋ ಮಾತ್ರ ಬರ್ಲಿನ್ನಿಂದು ಅಂತಾನೆ. ಅದೇ ಜೂನ್ 4ರಂದು ಬೀಜಿಂಗ್‌ನಲ್ಲಿ ಸೈನ್ಯ ಜನರ ಮೇಲೆ ಗುಂಡು ಹಾರಿಸಿತ್ತು. ಅಲ್ಲಿ ಇವತ್ತಿಗೂ ಅದರ ಹೆಸರೆತ್ತುವ ಹಾಗಿಲ್ಲ.

ನಮ್ಮಲ್ಲಿ ಹೆಸರೆತ್ತಲು ಯಾರ ಅಡ್ಡಿಯೂ ಇಲ್ಲ. ಅಪ್ಪ ಶುರು ಮಾಡಿದರೆ ಬೊಮ್ಮಾಯಿಯಿಂದ ಕರಾಚಿಯಲ್ಲಿ ಸಚಿನ್ ಮೊದಲ ಟೆಸ್ಟ್ ಆಡಿದ್ದರವರೆಗೂ ಬರುತ್ತಾರೆ. 18 ತುಂಬಿದವರು ಮೊದಲ ಸಲ ಲೋಕಸಭೆಗೆ ಮತ ಹಾಕಿದ್ದೂ ಆ ವರ್ಷವೇ. ಬಾಯಿಮಾತಿನ ಈ ನೆನಪಲ್ಲಿ ಜೀವ ಜಾಸ್ತಿ, ಬಲೂನಿಗಿಂತ ಎಷ್ಟೋ ಮೇಲು. ತೊಂದರೆ ಏನಂದ್ರೆ, ಅಪ್ಪನ ವಯಸ್ಸಿನವರ ಜತೆಗೇ ಅದು ಹೋಗಿಬಿಡುತ್ತೆ. ಹುಬ್ಬಳ್ಳಿಯಲ್ಲಿ ಕಾಲೇಜಿಗೆ ಹೋಗುವ ನನ್ನ ಅಣ್ಣನ ಮಗಳಿಗೆ ಬರ್ಲಿನ್ ಗೋಡೆ ಗೊತ್ತು, ಬೊಮ್ಮಾಯಿ ತೀರ್ಪು ಗೊತ್ತಿಲ್ಲ.

ಅದಕ್ಕೇ ನನ್ನದೊಂದು ಆಸೆ. ಆ 19 ಪತ್ರ, ಏಪ್ರಿಲ್ 20ರ 7 ಪತ್ರ, ರಾಜ್ಯಪಾಲರ ವರದಿ, ಇವಿಷ್ಟನ್ನೂ ಒಂದು ಕಡೆ ಇಡಲಿ. ನಕಲಾದರೂ ಪರವಾಗಿಲ್ಲ. ಬೆಂಗಳೂರಲ್ಲಾದರೂ ಸರಿ, ಹುಬ್ಬಳ್ಳಿಯಲ್ಲಾದರೆ ಇನ್ನೂ ಒಳ್ಳೆಯದು, ಬೊಮ್ಮಾಯಿ ಗೆದ್ದು ಬಂದದ್ದು ಅಲ್ಲಿಂದಲೇ ಅಲ್ವಾ?